ಹೆಸರು ನೋಡುವ ಕೆಲಸ

ಹೆಸರು ನೋಡಿ ಯಾವ ಪಂಗಡ ಹೇಳು ಎಂದರು. ಹೇಳಿದೆ. ನಾಲ್ಕು ತಿಂಗಳು ಕೂತು ಹೇಳಿದೆ. ಹಾಗೆ ಹೇಳಿದ್ದರಲ್ಲಿ ಒಬ್ಬ ಸತ್ತ.

ಆ ದೇಶದ ಹೆಸರನ್ನು ಹೇಳುವುದಿಲ್ಲ. ಹೇಳಬಾರದೆಂದು ನನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ. ಹೇಳಿದರೂ ನಿಮಗೆ ಅದು ಟಿವಿಯಲ್ಲಿ ಕಂಡ ಹೊಗೆ, ಎದೆ ಬಡಿದುಕೊಂಡು ಅಳುವ ಹೆಂಗಸು, ಅಷ್ಟೇ. ಅಲ್ಲಿ ಸುನ್ನಿಗಳೂ ಶಿಯಾಗಳೂ ಹದಿನೈದು ವರ್ಷ ಒಬ್ಬರನ್ನೊಬ್ಬರು ಕೊಂದುಕೊಂಡರು. ಇದ್ದ ಸೈನ್ಯ ಒಡೆಯಿತು. ಸಿಪಾಯಿಗಳು ಬಂದೂಕಿನ ಸಮೇತ ತಂತಮ್ಮ ಓಣಿಗೆ ಹೋದರು. ಈಗ ಹೊಸ ಸೈನ್ಯ ಕಟ್ಟಬೇಕಂತೆ, ಎಲ್ಲರಿಗೂ ಸೇರಿದ ಸೈನ್ಯ. ದೊಡ್ಡ ದೇಶಗಳು ನೆರವಿಗೆ ನಿಂತವು. ಸೇರಲು ಬಂದ ಹುಡುಗರ ಅರ್ಜಿಗಳನ್ನು ಸ್ಕ್ಯಾನ್ ಮಾಡಿ ಜೋಡಿಸುವ ಕೆಲಸ ಐರ್ಲೆಂಡಿನ ಒಂದು ಕಂಪನಿಗೆ ಸಿಕ್ಕಿತು. ಐರ್ಲೆಂಡ್ ಯಾರ ಕಡೆಯೂ ಅಲ್ಲವಂತೆ, ಅದಕ್ಕೆ.

ನಾನು ಸೇರಿದ್ದು 2020ರ ಜೂನಿನಲ್ಲಿ. ಕೊರೋನಾ ಬಂದು ನನ್ನ ಗಂಡ ಅಖ್ತರ್ ಐರ್ಲೆಂಡಿನಲ್ಲಿ ಅಡುಗೆ ಮಾಡುತ್ತಿದ್ದ ಹೋಟೆಲು ಮುಚ್ಚಿತ್ತು. ಹೋಟೆಲಿನ ಜೊತೆಗೇ ಅವನ ಕೆಲಸದ ಪರ್ಮಿಟ್ಟೂ ಹೋಯಿತು. ಗದಗಿನ ಕಾಲೇಜು ಲೈಬ್ರರಿಯಲ್ಲಿ ನಾನು ಆರು ವರ್ಷ ದುಡಿದವಳು. ರೆಕಾರ್ಡ್ಸ್ ಕೆಲಸಕ್ಕೆಂದು ಈ ಕಂಪನಿ ನನ್ನನ್ನು ತೆಗೆದುಕೊಂಡಿತು. ಆಡಮ್ಸ್‌ಟೌನಿನ ಬಾಡಿಗೆ ಮನೆ, ಮಗಳು ಸುಮೈರಾಳ ಶಾಲೆ, ಈ ನೆಲದಲ್ಲಿ ನಿಲ್ಲುವ ಹಕ್ಕು, ಎಲ್ಲವೂ ನನ್ನ ಪರ್ಮಿಟ್ಟಿಗೆ ಜೋತುಬಿದ್ದವು.

ರೆಕಾರ್ಡ್ಸ್ ಎಂದರೆ ಪಿನ್ನು ಕೀಳುವುದು. ಲೀಕ್ಸ್‌ಲಿಪ್ ಹತ್ತಿರ ಒಂದು ತಗಡಿನ ಶೆಡ್. ಪೆಟ್ಟಿಗೆಗಳು ವಿಮಾನದಲ್ಲಿ ಬರುತ್ತಿದ್ದವು. ಕಾಗದಕ್ಕೆ ವೈರಸ್ ಅಂಟಿರುತ್ತದೆಂದು ಅವಕ್ಕೂ ಮೂರು ದಿನ ಕ್ವಾರಂಟೈನ್. ಆಮೇಲೆ ನಾವು ಹನ್ನೊಂದು ಜನ ಹೆಂಗಸರು ಹಳದಿ ಪಟ್ಟಿ ಹಚ್ಚಿದ ಜಾಗದಲ್ಲಿ ಎರಡೆರಡು ಮೀಟರ್ ದೂರ ನಿಂತು, ಪಿನ್ನು ಕಿತ್ತು, ಹಾಳೆ ಬಿಡಿಸಿ ಸ್ಕ್ಯಾನರಿಗೆ ಇಡಬೇಕು. ಒಂಬತ್ತು ಗಂಟೆ ನಿಂತೇ ಇರಬೇಕು. ಕಾಗದ ಕೊಯ್ದ ಬೆರಳಿಗೆ ಸ್ಯಾನಿಟೈಸರ್ ಬಿದ್ದರೆ ಜೀವ ಹೋಗುತ್ತಿತ್ತು. ಹಿಮ್ಮಡಿ ಒಡೆದು ಕಾಲುಚೀಲಕ್ಕೆ ರಕ್ತ ಅಂಟಿ ಒಣಗುತ್ತಿತ್ತು. ಕಕ್ಕಸಿಗೆ ಹೋಗಲು ಕೈ ಎತ್ತಬೇಕು. ಒಬ್ಬರು ಹೊರಗೆ ಬಂದ ಮೇಲೆ ಇನ್ನೊಬ್ಬರು. ತಿಂಗಳ ಆ ದಿನಗಳಲ್ಲಿ ಕೈ ಎತ್ತಿ ನಿಲ್ಲುವುದು ಹೇಗಿರುತ್ತದೆ ಎಂದು ಆ ನಿಯಮ ಬರೆದವನಿಗೆ ಯಾರಾದರೂ ಹೇಳಬೇಕಿತ್ತು.

ಅರ್ಜಿಯಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಊರು, ಒಂದು ಫೋಟೊ, ಒಂದು ನೀಲಿ ಹೆಬ್ಬೆಟ್ಟು. ತಾಯಿಯ ಹೆಸರಿಗೆ ಜಾಗವಿರಲಿಲ್ಲ. ಪಂಗಡಕ್ಕೂ ಇರಲಿಲ್ಲ. ಹೊಸ ಸೈನ್ಯದಲ್ಲಿ ಪಂಗಡ ಕೇಳಬಾರದೆಂದು ಆ ದೇಶದವರೇ ಕಾನೂನು ಮಾಡಿ ಆ ಕಾಲಮ್ಮನ್ನು ಕಿತ್ತು ಹಾಕಿದ್ದರು. ಒಳ್ಳೆಯ ಕೆಲಸ ಅದು. ಆದರೆ ಸೈನ್ಯ ಕಟ್ಟಲು ಹೋದ ಸಲಹೆಗಾರರಿಗೆ ಕಾಲಮ್ಮಿಲ್ಲದೆ ಊಟ ಸೇರಲಿಲ್ಲ. ಯಾವ ತುಕಡಿಗೆ ಯಾರನ್ನು ಹಾಕಬೇಕೆಂದು ತಿಳಿಯಬೇಕಲ್ಲ. ಕೇಳದೆಯೇ ತಿಳಿಯಬೇಕು.

ಸೆಪ್ಟೆಂಬರಿನಲ್ಲಿ ಧೀರಜ್ ನನ್ನ ಬಳಿ ಬಂದ. ಬೆಂಗಳೂರಿನ ಬಸವನಗುಡಿಯ ಹುಡುಗ. ಇಲ್ಲೇ ಮಾಸ್ಟರ್ಸ್ ಮಾಡಿ ನಮ್ಮ ಟೀಮ್ ಲೀಡ್ ಆಗಿದ್ದ.

"ನೂರ್ಜಹಾನ್ ಅವ್ರೇ, ನೀವು ಮುಸ್ಲಿಂ ಅಲ್ವಾ, ನಿಮಗೆ ಹೆಸರು ನೋಡಿದ್ರೆ ಗೊತ್ತಾಗುತ್ತೆ. ಸುನ್ನಿನಾ, ಶಿಯಾನಾ. ಇಲ್ಲಿ ಬೇರೆ ಯಾರಿಗೂ ಗೊತ್ತಾಗಲ್ಲ. ಸಿಸ್ಟಮಲ್ಲಿ ಒಂದು ಟಿಕ್ ಅಷ್ಟೇ."

"ನಾನು ಗದಗ ಕಡೆಯೋಳು ಧೀರಜ್. ಆ ದೇಶದೋರ ಹೆಸರು ನನಗೇನು ಗೊತ್ತು?"

"ಅಯ್ಯೋ, ಎಲ್ಲಾ ಒಂದೇ ತರ ತಾನೇ."

ಎಲ್ಲಾ ಒಂದೇ ತರ ಇದ್ದರೆ ಬೇರೆ ಬೇರೆ ಮಾಡುವ ಕೆಲಸ ಯಾಕೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ಅವನು ಕುರ್ಚಿ ತೋರಿಸಿದ. ಕಪ್ಪು ಬಟ್ಟೆಯ ಕುರ್ಚಿ, ಬೆನ್ನಿಗೆ ಆಸರೆ, ಕೆಳಗೆ ಗಾಲಿ. ಕೂತೆ. ಕಾಲು ನೆಲದಿಂದ ಮೇಲೆ ಬಂದಾಗ ಕಣ್ಣಲ್ಲಿ ನೀರು ಬಂತು. ನನ್ನನ್ನು ಕೊಂಡುಕೊಳ್ಳಲು ಅವರಿಗೆ ಒಂದು ಕುರ್ಚಿ ಸಾಕಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ.

ಒಂದು ಪಟ್ಟಿ ಕೊಟ್ಟಿದ್ದರು. ಒಮರ್, ಖಾಲಿದ್ ಎಂದರೆ ಸುನ್ನಿ. ಅಬ್ದುಲ್ ಹುಸೇನ್, ಕಾಝಿಮ್ ಎಂದರೆ ಶಿಯಾ. ಸುಲಭದವನ್ನು ಕಂಪ್ಯೂಟರೇ ಮಾಡುತ್ತಿತ್ತು. ತಿಳಿಯದವು ನನ್ನ ಟೇಬಲ್ಲಿಗೆ. ಪೆಟ್ಟಿಗೆ ತಂದು ಇಡುತ್ತಿದ್ದವನು ಕೋಲಮ್. ಅರವತ್ತು ದಾಟಿದ ಐರಿಶ್ ಮನುಷ್ಯ, ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಹೊಡೆದಾಡಿದ ಉತ್ತರದ ಡೆರಿ ಊರಿನವನು. ಪ್ರತಿ ಸಲವೂ "ಗ್ರ್ಯಾಂಡ್", ಅಂದರೆ ಎಲ್ಲ ಸರಿ, ಎನ್ನುತ್ತಿದ್ದ, ಬೇರೇನೂ ಅನ್ನುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಆ ಅರ್ಜಿ ಬಂತು. ಹೆಸರು ಅಬ್ದುಲ್ ಹುಸೇನ್. ತಂದೆ ಒಮರ್. ಅಜ್ಜ ಖಾಲಿದ್. ಕಂಪ್ಯೂಟರಿಗೆ ತಲೆ ಕೆಟ್ಟಿತ್ತು. ಫೋಟೊದಲ್ಲಿ ಹತ್ತೊಂಬತ್ತರ ಹುಡುಗ, ಎರವಲು ಕೋಟು, ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಜಾಗ. ಬಲಗಿವಿ ಸ್ವಲ್ಪ ಮಡಿಚಿತ್ತು. ಸಂದರ್ಶನ ಮಾಡಿದವರು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಹಿಂದೆ ಪಿನ್ ಮಾಡಿತ್ತು. ಇವನಿಗಿಂತ ಮೊದಲು ಮೂರು ಕೂಸುಗಳು ತೀರಿಹೋದವು. ತಾಯಿ ಊರಾಚೆಯ ಶಿಯಾಗಳ ಹುಸೇನ್ ದರ್ಗಾಕ್ಕೆ ನಡೆದುಹೋಗಿ, ಈ ಸಲದ ಕೂಸು ಉಳಿದರೆ ನಿನ್ನ ಹೆಸರಿಡುತ್ತೇನೆ ಎಂದು ಬೇಡಿಕೊಂಡಳು. ಉಳಿಯಿತು, ಇಟ್ಟಳು.

ಓದಿ ನಾನು ಮಾಸ್ಕಿನ ಒಳಗೇ ನಕ್ಕೆ. ನಮ್ಮ ಹುಸೇನಪ್ಪ ಕಾಕಾ ನೆನಪಾದ.

ನಮ್ಮೂರ ಕಡೆ ಮೊಹರಮ್ಮಿಗೆ ಹುಸೇನ್ ದೇವರು ಕೂರುತ್ತದೆ. ಕೂರಿಸುವವರು ಮುಲ್ಲಾ ಮನೆಯವರು, ಹೊರುವವರು ಕುರುಬರು, ಕುಣಿಯುವವರು ಊರೆಲ್ಲ. ಹರಕೆ ಹೊತ್ತವರು ಯಾವ ಜಾತಿಯವರಾದರೂ ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಐದು ದಿನ ಫಕೀರರಾಗುತ್ತಾರೆ. ಮಕ್ಕಳು ನಿಲ್ಲದ ಮನೆಯಲ್ಲಿ ಕೂಸಿಗೆ ಹುಸೇನಪ್ಪ ಎಂದು ಹೆಸರಿಡುತ್ತಾರೆ. ಅಂಥವನು ಕುರುಬರ ಹುಸೇನಪ್ಪ. ಅವನ ತಮ್ಮ ಭೀಮಪ್ಪ. ಇಬ್ಬರ ಹಣೆಗೂ ಭಂಡಾರ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಂಡದ ಕುಣಿ ಸುತ್ತಿದವನು ಅವನೇ. ಆ ಹೆಸರು ಕೇಳಿ ಅವನ ಜಾತಿ ಯಾವುದೆಂದು ನಮ್ಮೂರಲ್ಲಿ ಯಾರೂ ಕೇಳಿದವರಲ್ಲ. ಅವನ ತಾಯಿ ಅತ್ತಿದ್ದಳು ಎಂದಷ್ಟೇ ಆ ಹೆಸರಿನ ಅರ್ಥ.

ಹಾಗಾಗಿ ನಾನು ಜಾಣೆ ಎಂದುಕೊಂಡೆ. ಹೆಸರು ಹರಕೆಯದು, ಹುಡುಗ ಸುನ್ನಿ. ನಿಜವನ್ನು ಹಿಡಿದೆ ಎಂದು ಹೆಮ್ಮೆಯಿಂದ ಸುನ್ನಿಗೆ ಟಿಕ್ ಹಾಕಿದೆ.

ಹೆಸರು ಕೇಳಿಯೇ ಹೊಡೆಯುವವರಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದೆಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ಅದೇ ವರ್ಷದ ಏಪ್ರಿಲ್ಲಿನಲ್ಲಿ, ಊರಲ್ಲಿ ಲಾಕ್‌ಡೌನ್ ಇದ್ದಾಗ, ಸಾಬರೇ ರೋಗ ಹಚ್ಚುತ್ತಿದ್ದಾರೆಂದು ಮೊಬೈಲಿಂದ ಮೊಬೈಲಿಗೆ ಸುದ್ದಿ ಹಾರಾಡುತ್ತಿದ್ದಾಗ, ನನ್ನ ತಮ್ಮ ಫೋನ್ ಮಾಡಿದ್ದ.

"ಆಪಾ, ಹುಸೇನಪ್ಪ ಕಾಕಾಗ ಹೊಡದಾರ. ಮೆಂತೆ ಸೊಪ್ಪು ಮಾರಾಕ ಪ್ಯಾಟಿಗೆ ಹೋಗಿದ್ದ. ಓಣಿ ಬಾಯಾಗ ಬಿದಿರು ಕಟ್ಟಿ ನಿಂತಿದ್ರಂತ. ಹೆಸರೇನು ಅಂದ್ರು. ಪೂರಾ ಹೇಳಾಕೂ ಬಿಡಲಿಲ್ಲಂತ."

ಹಣೆಯ ಭಂಡಾರ ತೋರಿಸಿದನಂತೆ. ಹೆಗಲ ಕಂಬಳಿ ತೋರಿಸಿದನಂತೆ. ಸೊಪ್ಪು ಮೋರಿಗೆ, ಅವನು ರಸ್ತೆಗೆ. ಆಮೇಲೆ ಅವನು ಪೇಟೆಗೆ ಹೋಗುವುದನ್ನೇ ಬಿಟ್ಟ. ಇದೆಲ್ಲ ಗೊತ್ತಿದ್ದೂ ಆ ದಿನ ನನಗೆ ನೆನಪಾದದ್ದು ಕೆಂಡದ ಕುಣಿ ಸುತ್ತಿದ ಹುಸೇನಪ್ಪ ಮಾತ್ರ, ರಸ್ತೆಯಲ್ಲಿ ಬಿದ್ದ ಹುಸೇನಪ್ಪ ನೆನಪಾಗಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಬೇಕಾದದ್ದು ಮಾತ್ರ ನೆನಪಾಗುತ್ತದೆ ಎಂದು ಕಾಣುತ್ತದೆ.

ಜನವರಿಯಲ್ಲಿ ಮೇಲ್ ಬಂತು. ‘ವರ್ಗೀಕರಣ ದೋಷದ ಘಟನೆ’ ಎಂದು ತಲೆಬರಹ. ಅಬ್ದುಲ್ ಹುಸೇನನನ್ನು ಸುನ್ನಿಗಳೇ ಇದ್ದ ತುಕಡಿಗೆ ಹಾಕಿ ಸುನ್ನಿಗಳ ಸೀಮೆಗೇ ಕಳಿಸಿದ್ದರು. ಡಿಸೆಂಬರಿನಲ್ಲಿ ರಜೆ ಮುಗಿಸಿ ವ್ಯಾನಿನಲ್ಲಿ ವಾಪಸು ಬರುವಾಗ ಅವನದೇ ಪಂಗಡದ ಸುನ್ನಿ ಬಂದೂಕಿನವರು ರಸ್ತೆಗೆ ಅಡ್ಡ ನಿಂತರು. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದರು. ನೀನು ಇಳಿ ಎಂದರು. ಅವನು ತಂದೆಯ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ. ವ್ಯಾನಿನಲ್ಲಿದ್ದ ಎಂಟು ಜನ ಜೊತೆಗಾರರು ತಲೆ ಬಗ್ಗಿಸಿ ಕೂತಿದ್ದರು. ಮೇಲಿನಲ್ಲಿ ಇದಕ್ಕೆ ಒಂದೇ ಸಾಲು: ‘ಮೃತನು ಸ್ಪಷ್ಟೀಕರಣ ನೀಡಲು ಪ್ರಯತ್ನಿಸಿದನು.’

ದೆವ್ವ ಭೂತ ನಾನು ನಂಬುವವಳಲ್ಲ. ಆದರೆ ಮರುದಿನದಿಂದ ಬಸ್ಸಿನಲ್ಲಿ ಅವನು ಬರತೊಡಗಿದ. ದೂರ ಕಾಯಲೆಂದು ಪಕ್ಕದ ಸೀಟಿಗೆ ‘ಇಲ್ಲಿ ಕೂರಬೇಡಿ’ ಎಂದು ಕೆಂಪು ಸ್ಟಿಕರ್ ಅಂಟಿಸಿದ್ದರಲ್ಲ, ಆ ಸೀಟಿನಲ್ಲೇ ಕೂರುತ್ತಿದ್ದ. ಎರವಲು ಕೋಟು, ಮಡಿಚಿದ ಕಿವಿ. ಮಾತಿಲ್ಲ. ಲಾಕ್‌ಡೌನಿನ ತಪಾಸಣೆಗೆ ಲೂಕನ್ ಬಳಿ ಗಾರ್ಡಾ ಪೊಲೀಸರು ಬಸ್ ನಿಲ್ಲಿಸಿ ಕೆಲಸದ ಪತ್ರ ಕೇಳಿದರೆ ನಾನು ತೋರಿಸುತ್ತಿದ್ದೆ. "ಯು ಆರ್ ಗ್ರ್ಯಾಂಡ್" ಎಂದು ಕೈ ಬೀಸುತ್ತಿದ್ದರು. ಅವನ ಕೈಯಲ್ಲಿ ಯಾವ ಪತ್ರವೂ ಇರುತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರೆ ಹಿಟ್ಟಿನ ಮೇಲೆ ಬಿದ್ದ ನನ್ನ ಹೆಬ್ಬೆರಳ ಗುರುತು ನೀಲಿಯಾಗಿ ಕಂಡು ಕೈ ನಿಲ್ಲುತ್ತಿತ್ತು. ಸುಮೈರಾ ಬಾಗಿಲಲ್ಲಿ ನಿಂತು "ಆರ್ ಯೂ ಆಲ್‌ರೈಟ್, ಮಾಮ್?" ಎಂದರೆ ಹೂಂ ಎನ್ನುತ್ತಿದ್ದೆ. ಸುಳ್ಳು.

ಆ ವಾರ ಕೋಲಮ್ ಪೆಟ್ಟಿಗೆ ಇಳಿಸಿ ಹೋಗದೆ ಅಲ್ಲೇ ನಿಂತ. ಹುಡುಗನ ಸುದ್ದಿ ಹೇಳಿದೆ.

"ನಮ್ಮ ಅಣ್ಣನನ್ನೂ ರಸ್ತೆಯಲ್ಲಿ ನಿಲ್ಲಿಸಿ ಹೆಸರು ಕೇಳಿದ್ರು, ನೂರ್," ಎಂದ. "ಅವನು ಬೇರೆ ಹೆಸರು ಹೇಳಿದ, ಅವರ ಕಡೆ ಇಟ್ಕೊಳ್ಳೋ ಹೆಸರು. ಆದ್ರೆ ಜೇಬಲ್ಲಿ ಲೈಬ್ರರಿ ಕಾರ್ಡ್ ಇತ್ತು."

ಅಷ್ಟು ಹೇಳಿ ಟ್ರಾಲಿ ತಳ್ಳಿಕೊಂಡು ಹೋದ. ಅವತ್ತು ಗ್ರ್ಯಾಂಡ್ ಎನ್ನಲಿಲ್ಲ.

ಮೇಲಿನವರ ಬೇಡಿಕೆ ಇಷ್ಟೇ. ಆ ಟಿಕ್ಕನ್ನು ಸುನ್ನಿಯಿಂದ ಶಿಯಾಕ್ಕೆ ಬದಲಾಯಿಸಬೇಕು. ಹುಡುಗನೇ ಪಂಗಡ ಮುಚ್ಚಿಟ್ಟು ಸೇರಿದ್ದ ಎಂದು ಬರೆಯಬೇಕು. ಆಗ ಕಂಪನಿಗೆ ಕಳಂಕವಿಲ್ಲ, ಸಲಹೆಗಾರರಿಗೆ ಕಳಂಕವಿಲ್ಲ. ಸತ್ತವನು ಮೋಸಗಾರ. ಸೈನಿಕರ ಸ್ಮಶಾನದಿಂದ ಅವನನ್ನು ಕಿತ್ತು ಬೇರೆ ಕಡೆ ಹೂಳುತ್ತಾರೆ.

ಅಖ್ತರ್‌ಗೆ ಹೇಳಿದಾಗ ಅವನು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು.

"ನೂರ್, ಬದಲಾಯಿಸಿದ್ರೆ ಸತ್ತೋನು ಬರ್ತಾನಾ? ಬದಲಾಯಿಸ್ದೇ ಇದ್ರೆ ಬರ್ತಾನಾ? ಫೆಬ್ರವರಿಲಿ ನಿನ್ನ ಪರ್ಮಿಟ್ ರಿನ್ಯೂವಲ್ ಐತೆ. ಅದು ಹೋದ್ರೆ ಎಲ್ಲಿಗೆ ಹೋಗೋದು? ವಿಮಾನಾನೇ ಇಲ್ಲ."

"ಬರಲ್ಲ," ಎಂದೆ. "ಆದ್ರೆ ಅವನ ಅವ್ವ ನಡೆದಿದ್ದು ಸುಳ್ಳಾಗುತ್ತೆ."

ಅವನು ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ನಿಂತ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದ.

ಶುಕ್ರವಾರ ಬೆಳಿಗ್ಗೆ ಧೀರಜ್ ಮೂಲ ಅರ್ಜಿಯನ್ನೇ ತಂದು ನನ್ನ ಮುಂದಿಟ್ಟ. ಪರದೆಯ ಮೇಲೆ ಆ ಹುಡುಗನ ಫೋಟೊ.

"ಒಂದೇ ಒಂದು ಕ್ಲಿಕ್. ರಿಮಾರ್ಕ್ಸಲ್ಲಿ ಮಾಹಿತಿ ಮುಚ್ಚಿಟ್ಟಿದ್ದ ಅಂತ ಹಾಕಿ. ನಿಮ್ಮ ಮೇಲೆ ಏನೂ ಬರಲ್ಲ, ನಾನು ಮಾತಾಡಿದೀನಿ."

"ಮುಚ್ಚಿಟ್ಟಿಲ್ಲ. ಹರಕೆ ವಿಷಯ ಅವನೇ ಹೇಳಿದಾನೆ. ಹಿಂದೆ ಚೀಟಿ ಇತ್ತು."

"ಯಾವ ಚೀಟಿ?"

ಹಾಳೆ ತಿರುಗಿಸಿದೆ. ಪಿನ್ನಿನ ಎರಡು ತೂತು ಇದ್ದವು. ಚೀಟಿ ಇರಲಿಲ್ಲ.

"ಸ್ಕ್ಯಾನ್ ಆಗಿತ್ತು. ನಾನು ಓದಿದೀನಿ."

"ಈಗ ಇಲ್ಲ, ನೂರ್ಜಹಾನ್ ಅವ್ರೇ," ಎಂದ. ಮಾಸ್ಕಿನ ಮೇಲೆ ಅವನ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. "ನನಗೇನು ಇದು ಖುಷಿನಾ? ನನಗೂ ಪರ್ಮಿಟ್ ಇದೆ. ನಾವು ಬರೀ ವೆಂಡರ್. ಮಾಡಿ ಮುಗಿಸಿ, ಪ್ಲೀಸ್."

ನಾನು ಕುರ್ಚಿ ಬಿಟ್ಟು ಎದ್ದೆ. ಹಿಮ್ಮಡಿ ನೆಲಕ್ಕೆ ತಾಗಿದ್ದೇ ಹಳೆಯ ನೋವು ಗುರುತು ಹಿಡಿದು ಬಂತು.

"ಮಾಡಲ್ಲ."

"ಏನು?"

"ಮಾಡಲ್ಲ ಅಂದೆ. ಇದನ್ನೂ ಮಾಡಲ್ಲ, ಇನ್ನು ಯಾವ ಹೆಸರನ್ನೂ ನೋಡಲ್ಲ. ಬೇಡ ಅಂತ ಆ ದೇಶದೋರು ಕಿತ್ತು ಹಾಕಿದ ಕಾಲಮ್ ಇದು. ನೀವು ಹಿಂಬಾಗಿಲಿಂದ ಒಳಗೆ ತಂದ್ರಿ, ನಾನು ತುಂಬಿದೆ. ಅವನನ್ನ ಕೊಂದಿದ್ದರಲ್ಲಿ ನನ್ನ ಕೈಯೂ ಐತೆ. ಈಗ ಅವನೇ ಸುಳ್ಳ ಅಂತ ನನ್ನ ಕೈಯಲ್ಲೇ ಬರೆಸ್ತೀರಾ?"

ದನಿ ಏರಿತ್ತು. ಹತ್ತು ಹೆಂಗಸರು ಪಿನ್ನು ಕೀಳುವುದನ್ನು ನಿಲ್ಲಿಸಿದರು. ಧೀರಜ್ ಸುತ್ತ ನೋಡಿ, ಮೂರನೇ ಪಟ್ಟಿಯಲ್ಲಿ ನಿಂತಿದ್ದ ಹುಡುಗಿಯನ್ನು ಕರೆದ.

"ಫರ್ಹಾ, ಬಾ ಇಲ್ಲಿ. ಕೂತ್ಕೋ."

ಫರ್ಹಾ ಬೆಂಗಳೂರಿನ ಶಿವಾಜಿನಗರದವಳು, ಇಪ್ಪತ್ನಾಲ್ಕು. ಓದು ಮುಗಿಸಿ ಸಿಕ್ಕ ಕೆಲಸಕ್ಕೆ ಬಂದಿದ್ದಳು. ಎಡಗಾಲು ಎಳೆಯುತ್ತ ಬಂದಳು. ಬಂದವಳು ನನ್ನನ್ನು ನೋಡಲಿಲ್ಲ, ಧೀರಜನನ್ನೂ ನೋಡಲಿಲ್ಲ. ಕುರ್ಚಿಯನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಸೆಪ್ಟೆಂಬರಿನಲ್ಲಿ ನಾನೂ ಹಾಗೇ ನೋಡಿದ್ದೆ.

"ಈ ಹೆಸರು ನೋಡಿ ಯಾವ ಪಂಗಡ ಅಂತ ಟಿಕ್ ಮಾಡ್ಬೇಕು. ನಿಂಗೆ ಗೊತ್ತಾಗುತ್ತೆ," ಎಂದ ಧೀರಜ್.

"ಫರ್ಹಾ, ಒಂದೇ ಮಾತು," ಎಂದೆ. "ನಾನು ಟಿಕ್ ಹಾಕಿದ ಹುಡುಗ ಇವನು. ಹೆಸರು ಓದಿ ಇಳಿಸಿ ಕೊಂದ್ರು. ನೋಡು, ನೋಡಿ ಕೂತ್ಕೋ."

ಅವಳು ಪರದೆ ನೋಡಿದಳು. ಎರವಲು ಕೋಟನ್ನು, ಮಡಿಚಿದ ಕಿವಿಯನ್ನು ನೋಡಿದಳು. ಕುರ್ಚಿಯ ಬೆನ್ನಿನ ಮೇಲೆ ಇಟ್ಟಿದ್ದ ಕೈ ತೆಗೆದಳು.

"ನಂಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ? ನೀನೂ ಮುಸ್ಲಿಂ ತಾನೇ?"

ಹೇಳಿದ ಮೇಲೆ ಧೀರಜನಿಗೂ ಆ ಮಾತು ಕೇಳಿಸಿತು. ಅವನ ಕಿವಿಗಳು ಕೆಂಪಾದವು.

"ಹೌದು," ಎಂದಳು ಫರ್ಹಾ. "ಆದ್ರೂ ನಂಗೆ ಗೊತ್ತಾಗಲ್ಲ."

ಕಾಲೆಳೆದುಕೊಂಡು ತನ್ನ ಹಳದಿ ಪಟ್ಟಿಗೆ ಹೋಗಿ ನಿಂತಳು. ಕೋಲಮ್ ತಿಳಿಯದ ಹೆಸರುಗಳ ಪೆಟ್ಟಿಗೆಯನ್ನು ನನ್ನ ಟೇಬಲ್ಲಿನಿಂದ ಎತ್ತಿ ಟ್ರಾಲಿಗೆ ಹಾಕಿದ. ಎಲ್ಲಿಗೆ ಎಂದು ಧೀರಜ್ ಕೇಳಿದರೆ, "ಇದಕ್ಕೆ ಕ್ವಾರಂಟೈನ್ ಮುಗಿದಿಲ್ಲ" ಎಂದು ತಳ್ಳಿಕೊಂಡು ನಡೆದ.

ಇದರಿಂದ ಲೋಕ ಬದಲಾಯಿತೆಂದು ನಾನು ಹೇಳುತ್ತಿಲ್ಲ. ಮುಂದಿನ ವಾರ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರಬಹುದು. ಧೀರಜ್ ನನ್ನ ಬ್ಯಾಡ್ಜ್ ತೆಗೆದುಕೊಂಡ, ಕೆಲಸದ ಪತ್ರ ತೆಗೆದುಕೊಂಡ. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಆ ಅರ್ಜಿಯ ಮೂಲೆಯಲ್ಲಿದ್ದ ಮನೆಯ ಫೋನ್ ನಂಬರನ್ನು ನಾನು ಬಾಯಿಪಾಠ ಮಾಡಿದ್ದೆ. ನಂಬರಿನ ಮುಂದೆ ‘ತಾಯಿ’ ಎಂದಿತ್ತು. ಅದನ್ನು ಕೀಳುವುದು ಅವರಿಗೆ ಮರೆತುಹೋಗಿತ್ತು.

ಬಸ್ ಸ್ಟಾಪಿನ ಬೆಂಚಿಗೂ ಅರ್ಧ ಕೂರಬೇಡಿ ಎಂಬ ಸ್ಟಿಕರ್ ಇತ್ತು. ಇನ್ನರ್ಧದಲ್ಲಿ ಕೂತೆ. ಮಧ್ಯಾಹ್ನದ ಬಿಳಿ ಬಿಸಿಲು, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಸ್ಟಿಕರಿನ ಮೇಲೆ ಅವನು ಬಂದು ಕೂತ. ನಂಬರ್ ಒತ್ತಿದೆ.

ಹೆಂಗಸಿನ ದನಿ. ನನಗೆ ಅವರ ಭಾಷೆ ಬರುವುದಿಲ್ಲ. ಮದರಸಾದಲ್ಲಿ ಕಲಿತ ನಾಲ್ಕು ಅಕ್ಷರ, ಅರ್ಜಿಗಳಲ್ಲಿ ದಿನವೂ ಕಂಡ ನಾಲ್ಕು ಮಾತು. ಅವನ ಹೆಸರು ಹೇಳಿದೆ. ಸತ್ತವರಿಗೆ ಹೇಳುವ ದುವಾ ಹೇಳಿದೆ. ಆಕೆಯೂ ಹೇಳಿದಳು. ಉಳಿದದ್ದನ್ನು ಕನ್ನಡದಲ್ಲೇ ಹೇಳಿಬಿಟ್ಟೆ. "ನಾನೇ ಬರೆದದ್ದು ಅವ್ವಾ. ಅವನು ಸುಳ್ಳು ಹೇಳಿಲ್ಲ. ನೀನು ನಡೆದದ್ದು ನಾನು ಓದೀನಿ."

ಆಕೆ ಏನೋ ಕೇಳಿದಳು. ಅದರಲ್ಲಿ ‘ಇಸ್ಮ್’ ಎಂಬ ಮಾತಿತ್ತು. ಹೆಸರು. ಸಾವಿರ ಅರ್ಜಿಗಳ ಮೇಲೆ ಕಂಡ ಮಾತು.

ಅರ್ಜಿಯಲ್ಲಿದ್ದಂತೆಯೇ ಹೇಳಿದೆ. ನೂರ್ಜಹಾನ್. ತಂದೆ ದಾವಲ್‌ಸಾಬ್. ಅಜ್ಜ ಇಮಾಮ್‌ಸಾಬ್. ಹೇಳಿ, ಆಕೆ ನನಗೆ ಯಾವ ಟಿಕ್ ಹಾಕುತ್ತಾಳೋ ಎಂದು ಕಾದೆ.

ಆಕೆ ಅದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. "ಉಮ್?" ಎಂದಳು. ತಾಯಿ? ನಿನ್ನ ತಾಯಿಯ ಹೆಸರು?

ಸಾವಿರಾರು ಅರ್ಜಿ ನೋಡಿದ್ದೇನೆ. ಯಾವುದರಲ್ಲೂ ಈ ಪ್ರಶ್ನೆ ಇರಲಿಲ್ಲ.

"ಹುಸೇನ್‌ಬಿ," ಎಂದೆ.

ಆಕೆ ಅದನ್ನೇ ಒಮ್ಮೆ ಹೇಳಿಕೊಂಡಳು. ಆಮೇಲೆ "ಹುಸೇನ್" ಎಂದಳು, ಸಂಜೆ ಆಡಲು ಹೋದ ಕೂಸನ್ನು ಬಾಗಿಲಲ್ಲಿ ನಿಂತು ಕರೆಯುವ ದನಿಯಲ್ಲಿ. ನನ್ನ ಪಕ್ಕದಲ್ಲಿ ಕೂತವನು ತಲೆ ಎತ್ತಿದ.